ಐದು ಅಂದ್ರೆ ಎಷ್ಟು? ಮಗುವಿಗೆ ಒಂದೇ ಒಂದು ಸಂಖ್ಯೆ ಕಲಿಸುವ ಬಗೆ

"ನಮ್ಮ ಮಗ ಇಪ್ಪತ್ತರವರೆಗೆ ಪಟಪಟ ಹೇಳ್ತಾನೆ. ಆದ್ರೆ ಡಬ್ಬಿಯಿಂದ ಐದು ಬಿಸ್ಕತ್ತು ತಗೊಂಡು ಬಾ ಅಂದ್ರೆ ಕೈಗೆ ಸಿಕ್ಕಷ್ಟು ತರ್ತಾನೆ. ಯಾಕೆ ಹೀಗೆ?" ಚಿಕ್ಕ ಮಕ್ಕಳ ಅಪ್ಪ ಅಮ್ಮಂದಿರು ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಇದು. ಇದರ ಬೆನ್ನಿಗೇ ಇನ್ನೊಂದು ಬರುತ್ತದೆ: "ಒಂದು ಪುಟ ತುಂಬ 5 ಬರೆದು ತರೋಕೆ ಹೇಳಿದ್ದಾರೆ. ಇವಳು ಅದನ್ನ ಉಲ್ಟಾ ಬರೀತಾಳೆ, ಆಮೇಲೆ ಅಳ್ತಾಳೆ."

ಎರಡೂ ತೊಂದರೆಯ ಬುಡ ಒಂದೇ. ಎಣಿಸುವುದು ಬೇರೆ, ಅಂಕಿ ನೋಡಿ ಗುರುತಿಸುವುದು ಬೇರೆ, ಬರೆಯುವುದು ಬೇರೆ. ದೊಡ್ಡವರಿಗೆ ಮೂರೂ ಒಂದೇ ಅನ್ನಿಸುವಷ್ಟು ಅಭ್ಯಾಸವಾಗಿದೆ. ಮಗುವಿಗೆ ಇವು ಮೂರು ಬೇರೆ ಬೇರೆ ಕಲಿಕೆ. ನಾವು ಮಾಡುವ ತಪ್ಪು ಅಂದರೆ ಕೊನೆಯದನ್ನು ಮೊದಲು ಹಿಡಿದುಕೊಳ್ಳುವುದು. ಎಣಿಕೆ ಗಟ್ಟಿಯಾಗುವ ಮೊದಲೇ ಕೈಗೆ ಪೆನ್ಸಿಲ್ ಕೊಟ್ಟುಬಿಡುತ್ತೇವೆ.

ಇಲ್ಲಿ ಐದನ್ನು ಮಾತ್ರ ಹಿಡಿದು, ಎಣಿಕೆಯಿಂದ ಬರಹದವರೆಗೆ ಹೇಗೆ ಹೋಗುವುದು ಅಂತ ಹೇಳುತ್ತೇನೆ. ದಿನಕ್ಕೆ ಹತ್ತು ನಿಮಿಷ ಸಾಕು. ಎರಡು ಮೂರು ವಾರ ಹಿಡಿಯಬಹುದು. ಒಂದು ಸಂಖ್ಯೆಗೆ ಅಷ್ಟು ದಿನವಾ ಅಂತ ಗಾಬರಿ ಬೇಡ. ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ಶುರು ಮಾಡಿದ ನಿಪುಣ್ ಭಾರತ್ ಯೋಜನೆಯಲ್ಲಿ, ಒಂದನೇ ತರಗತಿಗೂ ಮುಂಚಿನ 5–6 ವರ್ಷದ ಮಕ್ಕಳಿಗೆ ಇಟ್ಟಿರುವ ಗುರಿಯೇ 10ರವರೆಗಿನ ಅಂಕಿ ಗುರುತಿಸಿ ಓದುವುದು. ನೂರರವರೆಗೆ ಅಲ್ಲ!

ಐದೇ ಯಾಕೆ ಅಂದರೆ, ಮೂರು ವಸ್ತು ಇದ್ದರೆ ಕಣ್ಣಿಗೇ ತಿಳಿಯುತ್ತದೆ, ಎಣಿಸಬೇಕಾಗಿಲ್ಲ. ನಾಲ್ಕರವರೆಗೂ ಹೇಗೋ ನಡೆಯುತ್ತದೆ. ಐದಕ್ಕೆ ಬಂದಾಗ ಸುಮ್ನೆ ನೋಡಿ ಹೇಳೋಕೆ ಆಗಲ್ಲ, ಎಣಿಸಲೇಬೇಕು. ಜೊತೆಗೆ ಒಂದು ಕೈಗೆ ಐದು ಬೆರಳು. ಕಲಿಸುವ ಸಾಮಾನು ಮಗುವಿನ ಮೈಮೇಲೇ ಇದೆ.

ಏನೇನು ಬೇಕು

ಬಾಟಲಿ ಮುಚ್ಚಳ ಹತ್ತು ಹನ್ನೆರಡು, ಆದಷ್ಟು ಒಂದೇ ಅಳತೆಯವು. ಒಂದು ಅಗಲ ಸ್ಟೀಲ್ ತಟ್ಟೆ. ಒಂದು ಹಿಡಿ ಉಪ್ಪಿಟ್ಟಿನ ರವೆ. ಸ್ಲೇಟು, ಬಳಪ. ಹೋದ ವರ್ಷದ ಗೋಡೆ ಕ್ಯಾಲೆಂಡರ್. ಒಂದು ಬೆಂಡೆಕಾಯಿ. ದುಡ್ಡು ಕೊಟ್ಟು ಏನೂ ತರಬೇಕಾಗಿಲ್ಲ.

ಒಂದು ಎಚ್ಚರಿಕೆ. ಮೂರು ವರ್ಷದೊಳಗಿನ ತಮ್ಮನೋ ತಂಗಿಯೋ ಮನೆಯಲ್ಲಿದ್ದರೆ ಹುಣಸೆ ಬೀಜ, ಕಡಲೆಕಾಳು, ಗೋಲಿ, ನಾಣ್ಯ ಬೇಡ. ಬಾಯಿಗೆ ಹೋಗುತ್ತವೆ, ಮೂಗಿಗೂ ಹೋಗುತ್ತವೆ. ಮುಚ್ಚಳವೂ ಚಿಕ್ಕದಿದ್ದರೆ ಅದೇ ಅಪಾಯ, ಅಂಥ ಮನೆಯಲ್ಲಿ ಲೋಟ, ಚಮಚ ಇಟ್ಟುಕೊಳ್ಳಿ. ಅಜ್ಜಿ ಕಾಲದ ಅಳಗುಳಿಮಣೆ ಡಬ್ಬಿ ತೆಗೆದರೆ ಅದರಲ್ಲಿ ಕೆಂಪು ಕಪ್ಪಿನ ಗುಲಗಂಜಿ ಇದೆಯಾ ನೋಡಿ. ನೋಡೋಕೆ ಚೆಂದ, ಆದರೆ ಒಳಗಿರುವುದು ವಿಷ. ಮಗುವಿನ ಕೈಗೆ ಯಾವತ್ತೂ ಕೊಡಬೇಡಿ.

ಎರಡು ಪದ ಮೊದಲೇ ಬಿಡಿಸಿಕೊಳ್ಳೋಣ. ಸಂಖ್ಯೆ ಅಂದರೆ "ಎಷ್ಟು" ಅನ್ನುವ ಅರಿವು, ಅಂದರೆ ಐದು ಮುಚ್ಚಳದಲ್ಲೂ ಐದು ಬೆರಳಲ್ಲೂ ಇರುವ ಆ "ಐದುತನ". ಅಂಕಿ ಅಂದರೆ ಅದಕ್ಕೆ ನಾವು ಬರೆಯುವ ಗುರುತು, 5 ಅಥವಾ ೫. ಮಗು ಅಂಕಿ ಗುರುತಿಸಿತು ಅಂದ ಮಾತ್ರಕ್ಕೆ ಸಂಖ್ಯೆ ತಿಳಿಯಿತು ಅಂತ ಅಲ್ಲ.

ಹಂತ 1: ಮಗು ಎಲ್ಲಿದೆ ನೋಡಿ

ಹತ್ತು ಮುಚ್ಚಳ ಮುಂದೆ ಹರಡಿ. "ನನಗೆ ಎರಡು ಕೊಡು" ಅನ್ನಿ. ಕೊಟ್ಟರೆ ವಾಪಸ್ ಹಾಕಿ "ಮೂರು ಕೊಡು", ಆಮೇಲೆ "ಐದು ಕೊಡು" ಅನ್ನಿ. ಪರೀಕ್ಷೆ ಅಂತ ಮಗುವಿಗೆ ಗೊತ್ತಾಗಬಾರದು. ಗೊಂಬೆಗೆ ಊಟ ಬಡಿಸುವ ಆಟ ಮಾಡಿ.

ಎರಡು ಸರಿಯಾಗಿ ಕೊಟ್ಟು, ಮೂರಕ್ಕೆ ಹಿಡಿ ತುಂಬ ಕೊಟ್ಟರೆ ಐದಕ್ಕೆ ಹೋಗಬೇಡಿ. ಮೂರರ ಮೇಲೇ ಒಂದಷ್ಟು ದಿನ ಆಡಿ. ಮಕ್ಕಳಿಗೆ ಒಂದು, ಎರಡು, ಮೂರು ಒಂದೊಂದಾಗಿ ಅರ್ಥವಾಗುತ್ತವೆ, ನಡುವೆ ತಿಂಗಳುಗಟ್ಟಲೆ ಅಂತರವೂ ಇರಬಹುದು. "ಎಷ್ಟು ಕೇಳಿದರೂ ಎಣಿಸಿ ಕೊಡಬಲ್ಲೆ" ಅನ್ನುವ ಹಂತ ತುಂಬಾ ಮಕ್ಕಳಿಗೆ ಮೂರೂವರೆ, ನಾಲ್ಕು ವರ್ಷದ ಆಸುಪಾಸು ಬರುತ್ತದೆ. ಕೆಲವರಿಗೆ ಇನ್ನೂ ತಡ. ಬಾಯಿಪಾಠದ ಇಪ್ಪತ್ತು ಇಲ್ಲಿ ಲೆಕ್ಕಕ್ಕಿಲ್ಲ, ಅದು ಹಾಡು ಇದ್ದ ಹಾಗೆ.

ಹಂತ 2: ಸರಿಸಿ ಎಣಿಸುವುದು

ಜಾಸ್ತಿ ಹೊತ್ತು ಕೊಡಬೇಕಾದ್ದು ಇಲ್ಲೇ. ಐದು ಮುಚ್ಚಳ ಸಾಲಾಗಿ ಇಡಿ. ಮಗು ಒಂದೊಂದನ್ನೇ ಮುಟ್ಟಿ, ಪಕ್ಕಕ್ಕೆ ಸರಿಸಿ, ಆ ಸರಿಸುವ ಹೊತ್ತಿಗೇ ಒಂದು ಹೆಸರು ಹೇಳಬೇಕು. ಸುಮ್ನೆ ಬೆರಳು ತೋರಿಸಿದರೆ ಸಾಲದು. ಸರಿಸಿದರೆ ಎಣಿಸಿದ್ದು ಒಂದು ಕಡೆ, ಎಣಿಸಬೇಕಾದ್ದು ಇನ್ನೊಂದು ಕಡೆ ಆಗುತ್ತದೆ. ಒಂದೇ ಮುಚ್ಚಳವನ್ನು ಎರಡು ಸಲ ಎಣಿಸುವ ತಪ್ಪು ಅರ್ಧಕ್ಕರ್ಧ ಇಲ್ಲೇ ಹೋಗುತ್ತದೆ.

ಮಗುವಿನ ಬೆರಳನ್ನೇ ಹತ್ತಿರದಿಂದ ಗಮನಿಸಿ. ಕನ್ನಡದಲ್ಲಿ ಎಣಿಸುವ ಮಕ್ಕಳು ಮಾಡುವ ಒಂದು ತಮಾಷೆಯ ತಪ್ಪಿದೆ. "ಒಂ" ಅಂದು ಮೊದಲ ಮುಚ್ಚಳ, "ದು" ಅಂದು ಎರಡನೆಯದು. "ಎ-ರ-ಡು" ಅನ್ನುವಷ್ಟರಲ್ಲಿ ಐದು ಮುಚ್ಚಳವೂ ಮುಗಿದಿರುತ್ತವೆ. ಮಗು ಮುಖ ಮೇಲೆತ್ತಿ "ಎರಡು!" ಅನ್ನುತ್ತದೆ. ದಡ್ಡತನ ಅಲ್ಲ, ಮಾತಿನ ತಾಳಕ್ಕೆ ಬೆರಳು ಹೊಂದಿಸಿಕೊಳ್ಳುತ್ತಿದೆ ಅಷ್ಟೇ. ಇದಕ್ಕೆ ಮದ್ದು: ಮುಚ್ಚಳವನ್ನು ಎತ್ತಿ ಒಂದು ಲೋಟಕ್ಕೆ ಹಾಕಿಸಿ. ಟಣ್ ಅಂತ ಸದ್ದು ಬಂದಾಗ ಒಂದು ಹೆಸರು. ಮುಂದಿನ ಮುಚ್ಚಳ ಎತ್ತುವವರೆಗೆ ಮುಂದಿನ ಹೆಸರಿಲ್ಲ. ಸ್ಟೀಲ್ ಲೋಟವೇ ಇರಲಿ, ಪ್ಲಾಸ್ಟಿಕ್ಕಿನಲ್ಲಿ ಸದ್ದು ಬರಲ್ಲ.

ಎಣಿಸಿದ ಮೇಲೆ ಇನ್ನೊಂದು ಕೆಲಸ ಉಳಿದಿದೆ. ಕೈಯಲ್ಲಿ ಐದೂ ಮುಚ್ಚಳದ ಸುತ್ತ ದೊಡ್ಡ ವೃತ್ತ ಎಳೆದು, "ಒಟ್ಟು ಐದು" ಅನ್ನಿ. ಪ್ರತಿ ಸಲವೂ ಅನ್ನಿ. ಇದು ಬಿಟ್ಟರೆ ಮಗು ಐದನೇ ಮುಚ್ಚಳದ ಹೆಸರೇ "ಐದು" ಅಂದುಕೊಳ್ಳುತ್ತದೆ. ನಾಲ್ಕನೆಯದು ಪುಟ್ಟ, ಐದನೆಯದು ಕಿಟ್ಟ ಅನ್ನುವ ಹಾಗೆ. ಪರೀಕ್ಷಿಸಬೇಕಾ? ಎಣಿಸಿ ಮುಗಿಸಿದ ತಕ್ಷಣ "ಎಷ್ಟಿದೆ?" ಅಂತ ಕೇಳಿ. ಮತ್ತೆ ಒಂದರಿಂದ ಎಣಿಸೋಕೆ ಶುರು ಮಾಡಿದರೆ ವೃತ್ತದ ಆಟ ಇನ್ನೂ ನಾಲ್ಕು ದಿನ ಬೇಕು ಅಂತ ಅರ್ಥ.

1978ರಲ್ಲಿ ರೋಶೆಲ್ ಗೆಲ್ಮನ್ ಮತ್ತು ಗ್ಯಾಲಿಸ್ಟೆಲ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು ಎಣಿಕೆಯ ನಿಯಮಗಳನ್ನು ಬಿಡಿಸಿ ಹೇಳಿದರು. ಅವೂ ಐದೇ! ನಿಮಗೆ ಈಗ ಬೇಕಾದ್ದು ಮೂರು: ಹೆಸರುಗಳ ಕ್ರಮ ಬದಲಾಗಬಾರದು, ಒಂದು ವಸ್ತುವಿಗೆ ಒಂದೇ ಹೆಸರು, ಕೊನೆಗೆ ಹೇಳಿದ ಹೆಸರೇ ಒಟ್ಟು ಎಷ್ಟು ಅನ್ನುವುದಕ್ಕೆ ಉತ್ತರ. ನಾಲ್ಕನೆಯದೂ ಮಜವಾಗಿದೆ. ಯಾವ ಕಡೆಯಿಂದ ಎಣಿಸಿದರೂ ಐದೇ ಬರುತ್ತದೆ. ನಮಗೆ ಅದು ಗೊತ್ತಿರುವ ಸಂಗತಿ, ಮಗುವಿಗೆ ಆಶ್ಚರ್ಯ. ಎಡದಿಂದ ಎಣಿಸಿ, ಬಲದಿಂದ ಎಣಿಸಿ, ನಡುವಿನಿಂದ ಶುರು ಮಾಡಿ.

ಮನೆಯಲ್ಲಿ ತುಳುವೋ ಕೊಂಕಣಿಯೋ ಮಾತಾಡಿ ಶಾಲೆಯಲ್ಲಿ ಇಂಗ್ಲಿಷ್ ಇದ್ದರೆ, ಐದಕ್ಕೆ ಐನ್, ಪಾಂಚ್, ಫೈವ್ ಎಲ್ಲ ಕಿವಿಗೆ ಬೀಳುತ್ತವೆ. ಪರವಾಗಿಲ್ಲ. ಒಂದು ಎಣಿಕೆಯನ್ನು ಶುರು ಮಾಡಿದ ಭಾಷೆಯಲ್ಲೇ ಮುಗಿಸಿ, ಅಷ್ಟೇ. "ಒನ್, ಟೂ, ಮೂರು" ಬೇಡ. ವಿದೇಶದಲ್ಲಿರುವ ಕನ್ನಡದ ಮನೆಗಳಿಗೂ ಇದೇ ಮಾತು. ಬೆಳಗ್ಗೆ ಮೆಟ್ಟಿಲು ಇಳಿಯುವಾಗ ಕನ್ನಡದಲ್ಲೇ ಎಣಿಸಿ, ಶಾಲೆಯ ಎಣಿಕೆ ಶಾಲೆಯ ಭಾಷೆಯಲ್ಲಿರಲಿ.

ಹಂತ 3: ಐದು ಕೊಡು, ಐದು ತಾ

ಇಟ್ಟಿದ್ದನ್ನು ಎಣಿಸುವುದಕ್ಕಿಂತ ರಾಶಿಯಿಂದ ಐದು ತೆಗೆಯುವುದು ಕಷ್ಟ. ಎಣಿಸುತ್ತಾ "ಎಲ್ಲಿ ನಿಲ್ಲಿಸಬೇಕು" ಅನ್ನುವುದನ್ನೂ ನೆನಪಿಡಬೇಕು, ಅದಕ್ಕೆ. ಆಟದ ಸಾಮಾನು ಬಿಟ್ಟು ಅಡುಗೆಮನೆಗೆ ಬನ್ನಿ. "ಬುಟ್ಟಿಯಿಂದ ಐದು ಈರುಳ್ಳಿ ತಾ ಪುಟ್ಟಾ." "ತಟ್ಟೆ ಪಕ್ಕ ಐದು ಚಮಚ ಇಡು." ನಿಜವಾಗಿ ಬೇಕಾದಾಗಲೇ ಕೇಳಿ. ಸುಮ್ಸುಮ್ನೆ ಕೇಳಿದರೆ ಮಕ್ಕಳಿಗೆ ತಕ್ಷಣ ಗೊತ್ತಾಗುತ್ತದೆ.

ಏಳು ತಂದರೆ "ತಪ್ಪು" ಅನ್ನಬೇಡಿ. "ಎಣಿಸಿ ನೋಡೋಣ್ವಾ?" ಅನ್ನಿ. ಐದಕ್ಕೆ ಬಂದಾಗ ನಿಲ್ಲಿಸಿ, ಉಳಿದ ಎರಡನ್ನು ಮಗುವೇ ವಾಪಸ್ ಇಡಲಿ.

ಐದು ಅಲ್ಲದ್ದನ್ನೂ ತೋರಿಸಬೇಕು. ಇದನ್ನು ತುಂಬಾ ಜನ ಬಿಟ್ಟುಬಿಡುತ್ತಾರೆ. ವಾರವಿಡೀ ಐದೇ ಐದು ಇಟ್ಟರೆ, ಮಗು ಎಣಿಸದೆ "ಐದು" ಅಂತ ಕೂಗಿ ಓಡಿಹೋಗುತ್ತದೆ. ನಡುನಡುವೆ ನಾಲ್ಕು ಇಡಿ, ಆರು ಇಡಿ. "ಇದು ಐದಾ?" ಅಂತ ಕೇಳಿ. "ಅಲ್ಲ, ಒಂದು ಕಮ್ಮಿ ಇದೆ" ಅಂತ ಮಗು ಹೇಳಿದ ದಿನ ನಿಮ್ಮ ಕೆಲಸ ಮುಕ್ಕಾಲು ಮುಗಿದಿದೆ.

ಹಂತ 4: ಕಣ್ಣಿಗೆ ಐದು ಕೂರಿಸುವುದು

ಕೈ ಬೆರಳಿಂದ ಶುರು ಮಾಡಿ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರಬೆರಳು, ಕಿರುಬೆರಳು. ಐದು ಬೆರಳಿಗೆ ಐದು ಹೆಸರು. ಇಲ್ಲಿ ಒಂದು ತೊಡಕು ಬರಬಹುದು. ನಮ್ಮಲ್ಲಿ ಅಜ್ಜಿ ತಾತಂದಿರು ಹೆಬ್ಬೆರಳನ್ನು ಬೆರಳ ಗೆರೆಗಳ ಮೇಲೆ ಓಡಿಸಿ ಎಣಿಸುತ್ತಾರೆ. ಒಂದೇ ಕೈಯಲ್ಲಿ ಹತ್ತು ದಾಟುವ ಒಳ್ಳೆ ಲೆಕ್ಕ ಅದು. ಆದರೆ ಅದರಲ್ಲಿ ಐದು ಬರುವುದು ಎರಡನೇ ಬೆರಳಿನ ಯಾವುದೋ ಗೆರೆಯ ಮೇಲೆ. "ಒಂದು ಕೈ ಅಂದ್ರೆ ಐದು" ಅಂತ ಕಲಿಯುತ್ತಿರುವ ಮಗುವಿಗೆ ಗೊಂದಲ. ಸದ್ಯಕ್ಕೆ ಇಡೀ ಬೆರಳನ್ನೇ ಎಣಿಸಿ ಅಂತ ಅಜ್ಜಿಗೆ ಹೇಳಿ. ಗೆರೆ ಲೆಕ್ಕ ಎರಡು ವರ್ಷ ಬಿಟ್ಟು ಅವರೇ ಕಲಿಸಲಿ.

ಆಮೇಲೆ ಬೆಂಡೆಕಾಯಿ. ಅಡ್ಡಕ್ಕೆ ಕತ್ತರಿಸಿ ನೋಡಿ, ಐದು ಮೂಲೆ, ಐದು ಕೋಣೆ. ಅರಿಸಿನದ ನೀರಿನಲ್ಲಿ ಅದ್ದಿ ಕಾಗದದ ಮೇಲೆ ಒತ್ತಿದರೆ ಹೂವಿನಂಥ ಅಚ್ಚು ಬೀಳುತ್ತದೆ. ಮಗು ಒತ್ತಲಿ, ಅಚ್ಚಿನ ಮೂಲೆ ಎಣಿಸಲಿ. ಕೊಡುವ ಮೊದಲು ನೀವು ಒಂದು ಸಲ ಎಣಿಸಿಕೊಳ್ಳಿ. ಪೇಟೆಯ ಬೆಂಡೆಗೆ ಸಾಮಾನ್ಯವಾಗಿ ಐದು ಏಣು, ಕೆಲವು ನಾಟಿ ತಳಿಗಳಲ್ಲಿ ಏಳೆಂಟು ಇರುತ್ತವೆ. ಒಂಟಿ ದಾಸವಾಳದ ಹೂವಿಗೂ ಐದು ಎಸಳು. ದುಂಡನೆಯ ಎಸಳು ಮುದುರಿದ ಡಬಲ್ ದಾಸವಾಳ ಬೇಡ, ಎಣಿಸೋಕೆ ಹೋದರೆ ಸಂಜೆಯಾಗುತ್ತದೆ. ಕಮರಾಕ್ಷಿ ಹಣ್ಣು ಸಿಕ್ಕರೆ ಅಡ್ಡಕ್ಕೆ ಕೊಯ್ಯಿರಿ, ಐದು ಮೂಲೆಯ ನಕ್ಷತ್ರ ಸಿಗುತ್ತದೆ.

ಮುಚ್ಚಳಗಳನ್ನು ದಾಳದ ಮೇಲಿನ ಐದರ ಹಾಗೆ ಜೋಡಿಸಿ: ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು. ಹೀಗಿದ್ದರೆ ಸ್ವಲ್ಪ ದಿನದಲ್ಲಿ ಎಣಿಸದೆಯೇ ಗುರುತು ಹತ್ತುತ್ತದೆ. ಅದೇ ಐದನ್ನು ಮಗುವಿನ ಎದುರೇ ದೂರ ದೂರ ಹರಡಿ "ಈಗ ಎಷ್ಟು?" ಅಂತ ಕೇಳಿ. "ಜಾಸ್ತಿ ಆಯ್ತು" ಅನ್ನಬಹುದು. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಪಿಯಾಜೆ ಹಿಂದೆಯೇ ತೋರಿಸಿಕೊಟ್ಟ ಸಂಗತಿ ಇದು. ಚಿಕ್ಕ ಮಕ್ಕಳ ಕಣ್ಣು ಉದ್ದವನ್ನೇ ಎಷ್ಟು ಅಂತ ಓದಿಬಿಡುತ್ತದೆ. ವಾದ ಮಾಡಬೇಡಿ. ಎಣಿಸಿ ತೋರಿಸಿ, ಮತ್ತೆ ಗುಡ್ಡೆ ಮಾಡಿ, ಬಿಟ್ಟುಬಿಡಿ. ಇದು ಬಲಿಯಲು ವಯಸ್ಸು ಬೇಕು.

ಇದೇ ಹಂತದಲ್ಲಿ ನನಗೆ ತುಂಬಾ ಇಷ್ಟವಾದ ಆಟ ಒಂದಿದೆ. ಐದು ಮುಚ್ಚಳ ತೋರಿಸಿ, ಮಗು ಕಣ್ಣು ಮುಚ್ಚಿದಾಗ ಎರಡನ್ನು ಬಟ್ಟಲಿನ ಕೆಳಗೆ ಅಡಗಿಸಿ. ಹೊರಗೆ ಮೂರಿದೆ, ಒಳಗೆ ಎಷ್ಟು? ಮೊದಮೊದಲು ಊಹೆ, ಆಮೇಲೆ ಬೆರಳು, ಕೊನೆಗೆ ತಲೆಯಲ್ಲೇ. ಕೂಡುವ ಲೆಕ್ಕದ ಹೆಸರೆತ್ತದೆ ಮೂರು ಮತ್ತು ಎರಡು, ನಾಲ್ಕು ಮತ್ತು ಒಂದು ಒಳಗೆ ಇಳಿದುಬಿಡುತ್ತವೆ.

ಹಂತ 5: ಅಂಕಿ ಗುರುತಿಸುವುದು

ಈಗ ಹಳೆ ಕ್ಯಾಲೆಂಡರ್ ತೆಗೆಯಿರಿ. ಒಂದು ದೊಡ್ಡ 5 ಕತ್ತರಿಸಿ ಐದು ಮುಚ್ಚಳದ ಪಕ್ಕ ಇಡಿ. "ಇಷ್ಟಕ್ಕೆ ನಾವು ಹೀಗೆ ಬರೀತೀವಿ." ಎರಡನ್ನೂ ಯಾವಾಗಲೂ ಜೊತೆಗೇ ತೋರಿಸಿ. ಆಮೇಲೆ 5 ಹುಡುಕುವ ಬೇಟೆ: ಗಡಿಯಾರ, ಲಿಫ್ಟಿನ ಗುಂಡಿ, ರಿಮೋಟು, ಬಸ್ಸಿನ ಬೋರ್ಡು. 15ನೇ ನಂಬರ್ ಬಸ್ಸು ನೋಡಿ ಐದು ಅಂದರೆ, "ಹೌದು, ಅದರಲ್ಲಿ 5 ಇದೆ" ಅಂದರೆ ಸಾಕು. ಹದಿನೈದರ ವಿವರಣೆ ಈಗ ಬೇಡ.

ಐದು ರೂಪಾಯಿ ನಾಣ್ಯ ಬಳಸಬೇಡಿ ಅಂತ ಹೇಳಿದರೆ ಕೆಲವರಿಗೆ ಆಶ್ಚರ್ಯ. ಯೋಚಿಸಿ ನೋಡಿ: ನಾಣ್ಯ ಒಂದೇ, ಅದರ ಮೇಲೆ ಬರೆದದ್ದು 5. ಇಷ್ಟು ದಿನ "ಒಂದು ವಸ್ತುವಿಗೆ ಒಂದು" ಅಂತ ಹೇಳಿಕೊಟ್ಟು, ಈಗ ಒಂದನ್ನು ತೋರಿಸಿ ಐದು ಅಂದರೆ ಮಗು ಏನು ಮಾಡಬೇಕು? ದುಡ್ಡಿನ ಲೆಕ್ಕ ಆಮೇಲೆ.

5ನ್ನು ಮಕ್ಕಳು 2ರ ಜೊತೆ ಬೆರೆಸುವುದು ಸಾಮಾನ್ಯ. ಇಂಗ್ಲಿಷ್ ಎಸ್ ಅಕ್ಷರ ಕಲಿತಿದ್ದರೆ ಅದರ ಜೊತೆಗೂ. ಕಾರ್ಡಿನಲ್ಲಿ ಒಂದೇ ದಿನ 5, 2 ಎರಡನ್ನೂ ಹೊಸದಾಗಿ ತೋರಿಸಬೇಡಿ. 5 ಗಟ್ಟಿಯಾದ ಮೇಲೆ 2ನ್ನು ಪಕ್ಕಕ್ಕೆ ಇಟ್ಟು "ಟೋಪಿ ಯಾರಿಗಿದೆ?" ಅಂತ ಕೇಳಿ. ಟೋಪಿ ಅಂದರೆ 5ರ ತಲೆಯ ಮೇಲಿನ ಅಡ್ಡಗೀಟು.

ಕನ್ನಡದ ೫ ಯಾವಾಗ? ಕನ್ನಡ ಮಾಧ್ಯಮದ ಗಣಿತ ಪುಸ್ತಕದಲ್ಲೂ ಲೆಕ್ಕ ನಡೆಯುವುದು 1, 2, 3ರಲ್ಲೇ, ಹಾಗಾಗಿ 5 ಮೊದಲು. ಅದು ಬಂದ ಒಂದೆರಡು ವಾರಕ್ಕೆ ೫ ತೋರಿಸಿ. ಮೈಲಿಗಲ್ಲಿನ ಮೇಲೆ, ಪಂಚಾಂಗದಲ್ಲಿ ಸಿಗುತ್ತದೆ. "ಇದೂ ಐದೇ, ಇನ್ನೊಂದು ಅಂಗಿ ಹಾಕ್ಕೊಂಡಿದೆ" ಅಂದರೆ ಮಕ್ಕಳು ಸಲೀಸಾಗಿ ಒಪ್ಪುತ್ತಾರೆ.

ಹಂತ 6: ಬರೆಯುವುದು

ಪುಸ್ತಕ ಇನ್ನೂ ದೂರ ಇರಲಿ. ಸ್ಟೀಲ್ ತಟ್ಟೆಯಲ್ಲಿ ರವೆ ತೆಳ್ಳಗೆ ಹರಡಿ. ತಟ್ಟೆ ಅಲುಗಿಸಿದರೆ ತಳ ಮುಚ್ಚಬೇಕು, ಬೆರಳು ಎಳೆದರೆ ತಳ ಹೊಳೆಯಬೇಕು. ಅಷ್ಟೇ ದಪ್ಪ. ತೋರುಬೆರಳಿನಲ್ಲಿ ನೀವು ಬರೆದು ತೋರಿಸಿ, ಬಾಯಲ್ಲಿ ಹೇಳುತ್ತಾ: "ಕೆಳಗೆ ಇಳಿ. ಹೊಟ್ಟೆ ಸುತ್ತು. ಮೇಲೆ ಹೋಗಿ ಟೋಪಿ ಹಾಕು." ಅಂದರೆ ಎಡಗಡೆ ಮೇಲಿನಿಂದ ಚಿಕ್ಕ ಗೀಟು ಕೆಳಕ್ಕೆ, ಅಲ್ಲಿಂದ ಬಲಕ್ಕೆ ದುಂಡಗೆ ಹೊಟ್ಟೆ, ಕೈ ಎತ್ತಿ, ಶುರು ಮಾಡಿದ ಜಾಗದಿಂದ ಬಲಕ್ಕೆ ಅಡ್ಡಗೀಟು. ಟೋಪಿ ಕೊನೆಗೆ. ಟೋಪಿಯಿಂದ ಶುರು ಮಾಡಿ ಕೈ ಎತ್ತದೆ ಬರೆದರೆ ಅದು ನಿಧಾನಕ್ಕೆ ಎಸ್ ಆಗಿಬಿಡುತ್ತದೆ. ತಪ್ಪಾದರೆ ತಟ್ಟೆ ಅಲುಗಿಸಿದರೆ ಆಯ್ತು, ಅಳಿಸಿದ ಗುರುತೂ ಉಳಿಯಲ್ಲ. ಪುಸ್ತಕಕ್ಕೆ ಈ ಗುಣ ಇಲ್ಲ.

ಎರಡು ಮೂರು ದಿನ ಬಿಟ್ಟು ಸ್ಲೇಟು. ನೀವು ಬಳಪದಲ್ಲಿ ದೊಡ್ಡದಾಗಿ 5 ಬರೆಯಿರಿ. ಮಗು ಮೊದಲು ಒದ್ದೆ ಬೆರಳಿನಲ್ಲಿ ಅದರ ಮೇಲೆ ಎಳೆದು ಅಳಿಸಲಿ, ಆಮೇಲೆ ಬಳಪದಲ್ಲಿ ತಿದ್ದಲಿ. ತಿದ್ದುವುದು ಅಂದರೆ ಬರೆದದ್ದರ ಮೇಲೇ ಮತ್ತೆ ಮತ್ತೆ ಎಳೆಯುವುದು. ಬಳಪದ ತುಂಡು ಒಂದು ಇಂಚಿನಷ್ಟು ಚಿಕ್ಕದಿರಲಿ. ಉದ್ದ ಬಳಪವನ್ನು ಮಗು ಮುಷ್ಟಿ ಕಟ್ಟಿ ಹಿಡಿಯುತ್ತದೆ, ಚಿಕ್ಕ ತುಂಡನ್ನು ಬೆರಳ ತುದಿಯಲ್ಲಿ ಹಿಡಿಯದೆ ಬೇರೆ ದಾರಿ ಇಲ್ಲ. ಎಡಗೈಯಲ್ಲಿ ಬರೆಯುವ ಮಗುವನ್ನು ಬಲಗೈಗೆ ತಿರುಗಿಸಬೇಡಿ.

ಉಲ್ಟಾ 5ರ ವಿಷಯ. ಹೊಟ್ಟೆ ಎಡಕ್ಕೆ ಬರುತ್ತದೆ, ಟೋಪಿಯೂ ಎಡಕ್ಕೆ. ಆರೇಳು ವರ್ಷದವರೆಗೆ ಕನ್ನಡಿ ಬರಹ ಸಾಮಾನ್ಯ, ಹೆದರಬೇಡಿ. ಚೊಂಬನ್ನು ಎಡಕ್ಕೆ ತಿರುಗಿಸಿದರೂ ಚೊಂಬು, ಬಲಕ್ಕೆ ತಿರುಗಿಸಿದರೂ ಚೊಂಬು ಅಲ್ವಾ? ಅಂಕಿಗೆ ಮಾತ್ರ ದಿಕ್ಕು ಇದೆ ಅನ್ನುವುದು ಮಗುವಿಗೆ ಹೊಸ ವಿಷಯ. "ಹೊಟ್ಟೆ ಕಿಟಕಿ ಕಡೆ" ಅಂತ ಹೇಳಿಕೊಟ್ಟವರೊಬ್ಬರು ಮರುದಿನ ಮಗುವನ್ನು ಎದುರು ಗೋಡೆಗೆ ಕೂರಿಸಿ ಪೇಚಿಗೆ ಸಿಕ್ಕಿದ್ದರು. ಬಲಗೈಗೆ ಒಂದು ಬಳೆಯೋ ದಾರವೋ ಕಟ್ಟಿ. "ಹೊಟ್ಟೆ ಬಳೆ ಕಡೆ." ಎಲ್ಲಿ ಕೂತರೂ ಅದು ಜೊತೆಗೇ ಬರುತ್ತದೆ.

ಪುಸ್ತಕಕ್ಕೆ ಬಂದ ಮೇಲೆ ದಿನಕ್ಕೆ ಐದು ಸಲ ಬರೆದರೆ ಸಾಕು. ಬರೆದ ಐದರಲ್ಲಿ "ನಿನಗೆ ಯಾವ 5 ಚೆನ್ನಾಗಿದೆ?" ಅಂತ ಮಗುವನ್ನೇ ಕೇಳಿ ಅದಕ್ಕೆ ಸುತ್ತು ಹಾಕಿಸಿ. ಪುಟ ತುಂಬ ಬರೆಸಿದರೆ ಮೊದಲ ಸಾಲು ಚೆಂದ, ಕೊನೆಯ ಸಾಲಿಗೆ ಬರುವಾಗ 5 ಅಂದರೆ ಬರೀ ಕೊಕ್ಕೆ. ಶಾಲೆಯಿಂದ ಪುಟಗಟ್ಟಲೆ ಹೋಂವರ್ಕ್ ಬಂದರೆ ಟೀಚರ್ ಹತ್ತಿರ ಮಾತಾಡಿ, "ಒಂದು ಸಾಲು ಬರೆಸ್ತೀನಿ, ಪಕ್ಕದಲ್ಲಿ ಐದು ಚುಕ್ಕಿ ಇಡಿಸ್ತೀನಿ" ಅನ್ನಿ. ತುಂಬಾ ಜನ ಒಪ್ಪುತ್ತಾರೆ.

ಹಂತ 7: ಬಿಟ್ಟು ನೋಡುವುದು

ಒಂದು ವಾರ ಐದರ ಸುದ್ದಿಯೇ ಎತ್ತಬೇಡಿ. ಎಂಟನೇ ದಿನ, ಬೇರೆ ಏನೋ ಕೆಲಸದ ನಡುವೆ, ಇದುವರೆಗೆ ಮಗು ಎಣಿಸದ ವಸ್ತುವಿನಲ್ಲಿ ಕೇಳಿ. ಒಗೆದ ಬಟ್ಟೆ ಒಣಹಾಕುವಾಗ "ಐದು ಕ್ಲಿಪ್ ಕೊಡು". ಸಂಜೆ ಒಂದು ಚೀಟಿಯಲ್ಲಿ 5 ಬರೆದು ಕೊಟ್ಟು "ಇಷ್ಟು ಮುಚ್ಚಳ ತಾ" ಅನ್ನಿ, ಬಾಯಲ್ಲಿ ಹೇಳಬೇಡಿ. ಆಮೇಲೆ ನೀವು ಐದು ಸಲ ಚಪ್ಪಾಳೆ ತಟ್ಟಿ, ಎಷ್ಟಾಯಿತು ಅಂತ ಬರೆಯೋಕೆ ಹೇಳಿ. ಮೂರೂ ಮಾಡಿದರೆ ಮೂರು ಕಲಿಕೆಯೂ ಒಂದಕ್ಕೊಂದು ಕೂಡಿಕೊಂಡಿವೆ. ಯಾವುದು ತಪ್ಪಿತೋ ಆ ಹಂತಕ್ಕೆ ಮಾತ್ರ ಹಿಂದೆ ಹೋಗಿ, ಮೊದಲಿಂದ ಶುರು ಮಾಡಬೇಡಿ.

ಆರು ವರ್ಷ ತುಂಬುತ್ತಾ ಬಂದರೂ, ತಿಂಗಳುಗಟ್ಟಲೆ ಆಡಿಸಿದರೂ ಐದು ವಸ್ತು ಎಣಿಸಲು ತಡವರಿಸುತ್ತಿದ್ದರೆ ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿ, ಮಕ್ಕಳ ಡಾಕ್ಟರ್ ಹತ್ತಿರ ಮಾತಾಡಿ.

"ಮುಂದೆ ಆರು ತಾನೇ?" ಅಂತ ಕೇಳುತ್ತಾರೆ. ಹೌದು, ಆದರೆ ಆರನ್ನು ಒಂದರಿಂದ ಎಣಿಸಿ ಶುರು ಮಾಡಬೇಡಿ. ಒಂದು ಕೈ ಪೂರ್ತಿ ತೋರಿಸಿ "ಐದು" ಅನ್ನಿ, ಇನ್ನೊಂದು ಕೈಯ ಹೆಬ್ಬೆರಳು ಎತ್ತಿ. ಮಗು ಮೊದಲ ಕೈಯನ್ನು ಮತ್ತೆ ಎಣಿಸದೆ "ಆರು" ಅಂದರೆ ಮುಂದಕ್ಕೆ ಹೋಗಿ. ಮತ್ತೆ ಒಂದರಿಂದ ಎಣಿಸಿದರೆ ಬೆಂಡೆಕಾಯಿ ಇನ್ನೂ ನಾಲ್ಕು ದಿನ ಇರಲಿ.